ಅಜ್ಜಿಯ ಅಟ್ಟದ ಒಣಬಾಡು ಮತ್ತು ನೂರು ಗ್ರಾಮಿನ ಲೆಕ್ಕ

ಬರೆಯದೆ ತುಂಬಾ ದಿನ ಆಯ್ತು. ಕೆಲಸ, ರಿಲೀಸು, ಆಮೇಲೆ ಸೋಮಾರಿತನ... ಕಾರಣಗಳಿಗೇನೂ ಬರ ಇಲ್ಲ ಬಿಡಿ. ಆದರೆ ಈ ಸಲ ಊರಿಂದ ಬಂದ ಮೇಲೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ, ಬರೆದು ಇಳಿಸಿಕೊಳ್ಳದೆ ಬೇರೆ ದಾರಿ ಇಲ್ಲ. ಸಸ್ಯಾಹಾರಿ ಗೆಳೆಯರು ಮೊದಲೇ ಕ್ಷಮಿಸಬೇಕು, ಇದು ಮಾಂಸದ ಕತೆ :-)

ನಮ್ಮೂರು ಹೆಗ್ಗದ್ದೆ. ಸಕಲೇಶಪುರ ದಾಟಿ ಮಂಗಳೂರಿನ ಕಡೆ ಹೊರಟರೆ ದೋಣಿಗಾಲ್ ಆದ ಮೇಲೆ ಸಿಗುತ್ತದೆ. ಶಿರಾಡಿ ಘಾಟಿಗೆ ಕಾಂಕ್ರೀಟು ಹಾಕಲೆಂದು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ರಸ್ತೆ ಮುಚ್ಚಿದ್ದರಲ್ಲ, ಆಗ ಪೇಪರಿನಲ್ಲಿ ನಮ್ಮೂರ ಹೆಸರು ಬಂದಿತ್ತು. ಅಷ್ಟೇ ನಮ್ಮೂರಿನ ಖ್ಯಾತಿ. ಉಳಿದಂತೆ ಕಾಫಿ, ಏಲಕ್ಕಿ, ಮೆಣಸು, ಗದ್ದೆ, ಮತ್ತೆ ಮಳೆ. ಮಳೆ ಅಂದರೆ ಬೆಂಗಳೂರಿನ ಸಂಜೆ ಮಳೆ ಅಲ್ಲ. ಆರಿದ್ರಾದಲ್ಲಿ ಹಿಡಿದರೆ ಆಶ್ಲೇಷದವರೆಗೆ ಬಿಡದ ಮಳೆ.

ಅಪ್ಪನಿಗೆ ಬಿಪಿ ಇರುವುದು ಹೋದ ವರ್ಷ ಗೊತ್ತಾಯಿತು. ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದರು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲಾ ಪಟ್ಟಿಗೆ ಸೇರಿದವು. ನಾನು ಸುಮ್ಮನಿರಲಿಲ್ಲ. ಮನೆಗೆ ಓದಿದ ಮಗ ಅಲ್ಲವೇ! ಫೋನ್ ತೆಗೆದು ವಿಶ್ವ ಆರೋಗ್ಯ ಸಂಸ್ಥೆಯವರು 2015ರಲ್ಲಿ ಹೇಳಿದ್ದನ್ನು ಅಡುಗೆಮನೆಯಲ್ಲಿ ನಿಂತು ಜೋರಾಗಿ ಓದಿ, ಕನ್ನಡದಲ್ಲಿ ಅರ್ಥವನ್ನೂ ಹೇಳಿದೆ. ಉಪ್ಪು ಹಾಕಿ, ಒಣಗಿಸಿ, ಹೊಗೆ ಕೊಟ್ಟು ಇಟ್ಟ ಮಾಂಸ ಕ್ಯಾನ್ಸರ್ ತರುತ್ತದೆ, ಬೀಡಿ ಸಿಗರೇಟಿನ ಗುಂಪಿಗೇ ಸೇರಿಸಿದ್ದಾರೆ ಅಂತ. ಅಜ್ಜಿ ಒಲೆಯ ಮುಂದೆ ಕೂತಿದ್ದರು. ತಲೆ ಎತ್ತಿ ಅಟ್ಟದ ಕಡೆ ನೋಡಿದರು. ಅಲ್ಲಿ ಕಪ್ಪಗೆ, ಗಟ್ಟಿಯಾಗಿ, ಹಗ್ಗದ ಹಾಗೆ ನೇತಾಡುತ್ತಿತ್ತು ಹಂದಿಯ ಒಣಬಾಡು.

"ಅಂದ್ರೆ ಐವತ್ತು ವರ್ಷದಿಂದ ನಾನು ನನ್ನ ಮಗನಿಗೆ ವಿಷ ಹಾಕ್ತಿದ್ದೆ ಅಂತಲೇನೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ಬೆಂಗಳೂರಿಗೆ ವಾಪಸ್ ಹೊರಡುವಾಗ ಒಂದೇ ಒಂದು ಪ್ರಶ್ನೆ ಕೇಳಿದರು: "ನೀನು ದಿನಾ ಬೆಳಗ್ಗೆ ಅದೆಂತದೋ ಡಬ್ಬಿಯಿಂದ ತೆಗೆದು ಸುಟ್ಕೊಂಡು ತಿಂತೀನಿ ಅಂತಿದ್ಯಲ್ಲ, ಅದೆಂತದು?"

ಅದು ಸಾಸೇಜು. ಜಿಮ್ಮಿಗೆ ಸೇರಿದ ಮೇಲೆ ಪ್ರೋಟೀನು ಬೇಕು ಅಂತ ಶುರು ಮಾಡಿದ್ದು. ದಿನಕ್ಕೆ ಎರಡು. ರೂಮಿಗೆ ಬಂದು ಫ್ರೀಜರ್ ತೆಗೆದು ಪ್ಯಾಕೆಟ್ಟಿನ ಹಿಂಭಾಗ ಮೊದಲ ಸಲ ಓದಿದೆ. ಉಪ್ಪು, ಮಸಾಲೆ, ಹೊಗೆಯ ಫ್ಲೇವರು, ಸಂರಕ್ಷಕ 250. ಅಂದರೆ ಸೋಡಿಯಂ ನೈಟ್ರೈಟ್. ಅಜ್ಜಿಗೆ ಭಾಷಣ ಮಾಡಿದ ಬಾಯಿಗೆ ಪ್ರತಿದಿನ ಹೋಗುತ್ತಿದ್ದದ್ದು ಇದು.

ಅವತ್ತಿನಿಂದ ಶುರುವಾಯಿತು ನನ್ನ ಓದು. ಮಾಂಸಕ್ಕೆ ಉಪ್ಪು ಹಾಕಿ ಇಡುವುದನ್ನು ಮನುಷ್ಯ ಯಾಕೆ ಕಲಿತ, ಅದರಲ್ಲಿ ಪೌಷ್ಟಿಕಾಂಶ ಎಷ್ಟು, ಅಜ್ಜಿ ಐವತ್ತು ವರ್ಷ ಮಾಡಿದ್ದು ಸರಿಯೋ ತಪ್ಪೋ. ಸಿಕ್ಕಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಅಜ್ಜಿ ಮಾಡುವ ವಿಧಾನ ಹೇಳಿಬಿಡುತ್ತೇನೆ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ಊರಲ್ಲಿ ಒಂದು ಸಾಕಿದ ಹಂದಿ ಕಡಿಯುತ್ತಾರೆ. ನಾಲ್ಕಾರು ಮನೆಯವರು ಪಾಲು ಹಾಕಿಕೊಳ್ಳುತ್ತಾರೆ. (ಹಿಂದೆಲ್ಲ ಕಾಡುಹಂದಿಯ ಬೇಟೆಯಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ಅಪರಾಧ. ಹಿರಿಯರು ಈಗ ಬರೀ ಕತೆ ಹೇಳುತ್ತಾರೆ.) ಅಜ್ಜಿ ಕೊಬ್ಬಿಲ್ಲದ ಮಾಂಸವನ್ನು ಬೆರಳು ಗಾತ್ರದ ಉದ್ದನೆ ಪಟ್ಟಿಗಳಾಗಿ ಸೀಳುತ್ತಾರೆ. ಉಪ್ಪು, ಅರಿಶಿನ, ಕರಿಮೆಣಸಿನ ಪುಡಿ ತಿಕ್ಕಿ ಒಂದು ರಾತ್ರಿ ಇಡುತ್ತಾರೆ. ಬಿಟ್ಟುಕೊಂಡ ನೀರು ಚೆಲ್ಲಿ, ಬಿಸಿಲಿದ್ದರೆ ಎರಡು ದಿನ ಬಿಸಿಲಿಗೆ, ಆಮೇಲೆ ಒಲೆಯ ಮೇಲಿನ ಅಟ್ಟಕ್ಕೆ ತೂಗು. ಅಲ್ಲಿಂದ ಮುಂದೆ ಕೆಲಸ ಹೊಗೆಯದು. ಪಕ್ಕದ ಕೊಡಗಿನಲ್ಲಿ ಇದನ್ನೇ ಒಣಕ್ ಎರ್ಚಿ ಅನ್ನುತ್ತಾರೆ.

ಈಗ ಪೌಷ್ಟಿಕಾಂಶದ ಪಟ್ಟಿಗೆ ಬರೋಣ. ಎಲ್ಲ ಪಟ್ಟಿಗಳೂ ನೂರು ಗ್ರಾಮಿನ ಲೆಕ್ಕದಲ್ಲೇ ಇರುತ್ತವೆ. ಕೊಬ್ಬಿಲ್ಲದ ಹಸಿ ಹಂದಿಮಾಂಸದಲ್ಲಿ ನೂರಕ್ಕೆ 70ರಿಂದ 75 ಗ್ರಾಂ ನೀರು, ಸುಮಾರು 20 ಗ್ರಾಂ ಪ್ರೋಟೀನು. ಒಂದು ಕೇಜಿ ಹಸಿ ಮಾಂಸ ಅಟ್ಟದಲ್ಲಿ ಒಣಗಿ 400 ಗ್ರಾಂ ಆಯಿತು ಅಂತಿಟ್ಟುಕೊಳ್ಳಿ. ಪ್ರೋಟೀನು ಎಲ್ಲೂ ಹೋಗುವುದಿಲ್ಲ, ನೀರು ಹೋಗುತ್ತದೆ. ಹಾಗಾಗಿ ಒಣಬಾಡಿನ ನೂರು ಗ್ರಾಮಿನಲ್ಲಿ 50 ಗ್ರಾಂ ಪ್ರೋಟೀನು! ಜಿಮ್ಮಿನ ಹುಡುಗರು ಕೊಳ್ಳುವ ಡಬ್ಬಿಗಳ ಸಮೀಪಕ್ಕೆ ಬರುತ್ತದೆ.

ಆದರೆ ಉಪ್ಪೂ ಎಲ್ಲೂ ಹೋಗುವುದಿಲ್ಲ. ಅಜ್ಜಿಯ 'ಕೇಜಿಗೆ ಒಂದು ಹಿಡಿ'ಯನ್ನು ತಕ್ಕಡಿಯಲ್ಲಿ ಹಾಕಿ ನೋಡಿದೆ, ಸುಮಾರು 40 ಗ್ರಾಂ. ಸ್ವಲ್ಪ ನೀರಿನ ಜತೆ ಇಳಿದು ಹೋಗುತ್ತದೆ ಅಂದರೂ ನೂರು ಗ್ರಾಂ ಒಣಬಾಡಿನಲ್ಲಿ ಹತ್ತಿರ ಹತ್ತಿರ 10 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 5 ಗ್ರಾಮಿಗಿಂತ ಕಮ್ಮಿ. ಅಂಗಡಿಯ ಸರಕೂ ಸಾಚಾ ಅಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಒಣ ಹಂದಿ ಸಲಾಮಿಗೆ ನೂರು ಗ್ರಾಮಿಗೆ 22.6 ಗ್ರಾಂ ಪ್ರೋಟೀನು, 33.7 ಗ್ರಾಂ ಕೊಬ್ಬು, 2260 ಮಿಲಿಗ್ರಾಂ ಸೋಡಿಯಂ ಅಂತಿದೆ. ಸೋಡಿಯಂ ಅನ್ನು ಉಪ್ಪಿಗೆ ಬದಲಾಯಿಸಿದರೆ ಸುಮಾರು ಐದೂಮುಕ್ಕಾಲು ಗ್ರಾಂ. ಪ್ರೋಟೀನಿಗಿಂತ ಕೊಬ್ಬೇ ಜಾಸ್ತಿ ಅನ್ನೋದು ಗಮನಿಸಿ. ಕರುಳಿಗೆ ತುಂಬುವ ಮಾಂಸಕ್ಕೆ ಕೊಬ್ಬು ಬೆರೆಸಲೇಬೇಕು, ಇಲ್ಲದಿದ್ದರೆ ಒಣಗಿದ ಮೇಲೆ ಕಟ್ಟಿಗೆಯಾಗುತ್ತದೆ.

ಪಟ್ಟಿ ನೋಡಿ ತೀರ್ಪು ಕೊಡುವುದಾದರೆ ಇಲ್ಲಿಗೇ ಮುಗಿಯಿತು. ಪ್ರೋಟೀನು ಪಾಸು, ಉಪ್ಪು ಫೇಲು. ಆದರೆ ಇತಿಹಾಸ ಓದಿದಾಗ ಅನ್ನಿಸಿದ್ದು, ಈ ಪಟ್ಟಿಯಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಸಾಸೇಜು ಅಂದರೆ ವಿದೇಶಿ ತಿಂಡಿ ಅಂತ ನಾನು ಅಂದುಕೊಂಡಿದ್ದೆ. ಹೆಸರೇನೋ ಹೌದು, ಲ್ಯಾಟಿನ್ನಿನಲ್ಲಿ 'ಉಪ್ಪು ಹಾಕಿದ್ದು' ಎಂಬ ಅರ್ಥದ ಮಾತಿನಿಂದ ಬಂದದ್ದು. ಆದರೆ ಪದಾರ್ಥ ನಮ್ಮಲ್ಲೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ (ಆಳ್ವಿಕೆ 1126ರಿಂದ 1138), ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದವನು, ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅಂತ ದೊಡ್ಡ ಗ್ರಂಥ ಬರೆದ. ಅದರಲ್ಲಿ ರಾಜನ ಊಟದ ಬಗ್ಗೆಯೇ ಒಂದು ಭಾಗ ಇದೆ. ದೋಸೆ, ಇಡ್ಲಿಯ ಪೂರ್ವಜರ ಪಕ್ಕದಲ್ಲೇ ಹಂದಿಯನ್ನು ಸುಡುವ ವಿಧಾನವೂ ಇದೆ, 'ಮಂಡಲಿಯ' ಎಂಬ ಒಂದು ಅಡುಗೆಯೂ ಇದೆ. ಪ್ರಾಣಿಯ ಕರುಳಿಗೆ ಮಜ್ಜೆ, ಮಸಾಲೆ ತುಂಬಿ ಕೆಂಡದ ಮೇಲೆ ಸುಡುವುದು. ಸಾಸೇಜೇ ಅಲ್ಲವೇ? ಒಂಬೈನೂರು ವರ್ಷದ ಹಿಂದಿನ ಕನ್ನಡ ನಾಡಿನ ಸಾಸೇಜು!

ಆದರೆ ಒಂದು ವ್ಯತ್ಯಾಸ ಇದೆ. ಮಂಡಲಿಯ ಅವತ್ತೇ ಸುಟ್ಟು ಅವತ್ತೇ ತಿನ್ನುವ ಪದಾರ್ಥ. ರಾಜನಿಗೆ ಮಾಂಸ ಎತ್ತಿಡುವ ದರ್ದು ಏನಿತ್ತು? ಬೇಕೆಂದಾಗ ಹೊಸದು ಬರುತ್ತಿತ್ತು. ಉಪ್ಪು ಹಾಕಿ, ಒಣಗಿಸಿ, ತಿಂಗಳುಗಟ್ಟಲೆ ಇಡುವುದು ಯಾರ ವಿದ್ಯೆ ಅಂದರೆ ಮುಂದಿನ ಮೂರು ತಿಂಗಳು ಏನೂ ಸಿಗುವುದಿಲ್ಲ ಅಂತ ಗೊತ್ತಿರುವವರ ವಿದ್ಯೆ.

ಇದಕ್ಕೆ ಚೆಂದದ ಉದಾಹರಣೆ ಘಾಟಿಯ ಕೆಳಗೆ, ಕರಾವಳಿಯಲ್ಲಿದೆ. ನನ್ನ ರೂಮ್‌ಮೇಟು ಕಾರವಾರದ ಕ್ರಿಶ್ಚಿಯನ್ ಹುಡುಗ. ಊರಿಂದ ಬರುವಾಗ ಮಣಿಸರದ ಹಾಗೆ ಕೆಂಪಗೆ ಪೋಣಿಸಿದ ಗೋವಾ ಸಾಸೇಜು ತರುತ್ತಾನೆ. ಶೋರಿಸ್ ಅನ್ನುತ್ತಾನೆ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಜತೆ ಬಂದದ್ದು. ಹಂದಿಮಾಂಸಕ್ಕೆ ಉಪ್ಪು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕಳ್ಳಿನ ವಿನೆಗರ್ ಹಾಕಿ ನೆನೆಸಿ, ಕರುಳಿಗೆ ತುಂಬಿ ಒಣಗಿಸುವುದು. ಮೆಣಸಿನಕಾಯಿ ಕೂಡ ಅಮೆರಿಕ ಖಂಡದಿಂದ ಅದೇ ಪೋರ್ಚುಗೀಸರ ಕೈಯಲ್ಲಿ ನಮ್ಮ ಕಡೆ ಬಂದದ್ದು. ಅವರಲ್ಲಿ 'ಪುರುಮೆಂತ್' ಅಂತ ಒಂದು ಪದ್ಧತಿ ಇದೆಯಂತೆ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, ಒಣಮೀನು, ಸಾಸೇಜು, ಹುಣಸೆ, ಮೆಣಸಿನಕಾಯಿ ಎಲ್ಲ ಮಾಡಿ, ಕೊಂಡು ಮನೆ ತುಂಬಿಸುವುದು. ಮಳೆಗಾಲದಲ್ಲಿ ದೋಣಿ ಸಮುದ್ರಕ್ಕಿಳಿಯುವುದಿಲ್ಲ, ಮೀನಿಲ್ಲ. ಅವನು ಹೇಳುವಾಗ ನನಗೆ ಕಂಡಿದ್ದು ಅಜ್ಜಿಯ ಮೇ ತಿಂಗಳು. ಭಾಷೆ ಬೇರೆ, ದೇವರು ಬೇರೆ, ಮಳೆ ಮಾತ್ರ ಒಂದೇ.

ಹಾಗಾದರೆ ನಾವು ಯಾಕೆ ಕರುಳಿಗೆ ತುಂಬಲಿಲ್ಲ? ನನಗೆ ಅನ್ನಿಸುವುದು ಹೀಗೆ. ಕರುಳಿಗೆ ತುಂಬಿದ ಮಾಂಸದ ನಡುಭಾಗ ಒಣಗಲು ವಾರಗಟ್ಟಲೆ ಬೇಕು, ಗಾಳಿ ಬಿಸಿಲು ಬೇಕು. ಜೂನ್ ಬಂದರೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮಾಂಸ! ಬೆರಳು ಗಾತ್ರದ ಪಟ್ಟಿಯಾದರೆ ಎಲ್ಲ ಕಡೆಯಿಂದ ಹೊಗೆ, ಬಿಸಿ ತಾಗಿ ಬೇಗ ಒಣಗುತ್ತದೆ. ಉಪ್ಪು ಕೂಡ ಹಿಂದೆ ಕರಾವಳಿಯಿಂದ ಎತ್ತಿನ ಹೇರಿನಲ್ಲಿ ಘಾಟಿ ಹತ್ತಿ ಬರಬೇಕಿತ್ತು, ಧಾರಾಳವಾಗಿ ಸುರಿಯುವ ಸರಕಲ್ಲ. ಉಪ್ಪು ಮಾಡದಿದ್ದದ್ದನ್ನು ಹೊಗೆ ಮಾಡಬೇಕಿತ್ತು. ಹೊಗೆಯಲ್ಲಿರುವ ಫೀನಾಲ್‌ಗಳು ಬ್ಯಾಕ್ಟೀರಿಯಾ ತಡೆಯುತ್ತವೆ, ಕೊಬ್ಬು ಕಮಟದ ಹಾಗೆ ನೋಡಿಕೊಳ್ಳುತ್ತವೆ.

ಈ ಗಾತ್ರದ ವಿಷಯ ಸಣ್ಣದಲ್ಲ. ಇದರ ಹಿಂದೆ ಸಾವಿನ ಕತೆ ಇದೆ.

1793ರಲ್ಲಿ ಜರ್ಮನಿಯ ವಿಲ್ಡ್‌ಬಾಡ್ ಎಂಬ ಊರಿನಲ್ಲಿ ಸಾಸೇಜು ತಿಂದ 13 ಜನ ಕಾಯಿಲೆ ಬಿದ್ದು ಅವರಲ್ಲಿ 6 ಜನ ಸತ್ತರು. ಆ ಸೀಮೆಯ ವೈದ್ಯ ಯುಸ್ಟಿನಸ್ ಕೆರ್ನರ್, ಕವಿಯೂ ಹೌದು, ಇಂಥ ಪ್ರಕರಣಗಳನ್ನು ಒಂದೊಂದಾಗಿ ಸೇರಿಸಿದ. 1820ರಲ್ಲಿ 76, 1822ರ ಪುಸ್ತಕದಲ್ಲಿ 155. ರೆಪ್ಪೆ ಇಳಿಯುವುದು, ನುಂಗಲಾಗದಿರುವುದು, ಕೊನೆಗೆ ಉಸಿರು ನಿಲ್ಲುವುದು. ಆ ವಿಷವನ್ನು ತನ್ನ ಮೇಲೇ ಪ್ರಯೋಗ ಮಾಡಿಕೊಂಡ ಪುಣ್ಯಾತ್ಮ! ಗಾಳಿಯಿಲ್ಲದ ಕಡೆ ಈ ವಿಷ ಹುಟ್ಟುತ್ತದೆ ಅಂತ ಅವನಿಗೆ ಹೊಳೆದಿತ್ತು. 1895ರಲ್ಲಿ ಬೆಲ್ಜಿಯಂನಲ್ಲಿ ಹ್ಯಾಮ್ ತಿಂದವರು ಸತ್ತಾಗ ವಾನ್ ಎರ್ಮೆಂಜೆಮ್ ಎಂಬ ವಿಜ್ಞಾನಿ ಅದರ ಬ್ಯಾಕ್ಟೀರಿಯಾವನ್ನೇ ಹಿಡಿದ. ರೋಗಕ್ಕೆ ಉಳಿದ ಹೆಸರು ಬಾಟುಲಿಸಂ, ಲ್ಯಾಟಿನ್ನಿನ 'ಬಾಟುಲಸ್' ಅಂದರೆ ಸಾಸೇಜು. ದಪ್ಪ ಸಾಸೇಜಿನ ಹೊಟ್ಟೆಯೊಳಗೆ ನೀರಿದೆ, ಗಾಳಿಯಿಲ್ಲ. ಆ ಬ್ಯಾಕ್ಟೀರಿಯಾಕ್ಕೆ ಅದೇ ಬೇಕು. ತೆಳ್ಳಗೆ ಸೀಳಿ ಒಣಗಿಸಿದ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. ಅಜ್ಜಿಗೆ ಬ್ಯಾಕ್ಟೀರಿಯಾ ಗೊತ್ತಿಲ್ಲ. ಆದರೆ ಚಿಕ್ಕವನಿದ್ದಾಗ ನಾನು ದಪ್ಪಗೆ ಸೀಳಿದ್ದಕ್ಕೆ ಬೈದದ್ದು ನೆನಪಿದೆ.

ದಪ್ಪ ಮಾಂಸ ಇಡಬೇಕೆನ್ನುವ ಯುರೋಪಿನವರಿಗೆ ಇನ್ನೊಂದು ಅಸ್ತ್ರ ಬೇಕಿತ್ತು. ಅದು ಪೆಟ್ಲುಪ್ಪು. ಇದನ್ನು ಓದುವಾಗ ನನಗೆ ನಿಜಕ್ಕೂ ರೋಮಾಂಚನ ಆಯಿತು, ಯಾಕೆಂದರೆ ಪೆಟ್ಲುಪ್ಪಿನ ಮನೆ ನಮ್ಮೂರ ದಾರಿಯಲ್ಲೇ ಇದೆ. ದೋಣಿಗಾಲಿನ ಗುಡ್ಡದ ಮೇಲೆ ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ನೋಡಿರುತ್ತೀರಿ, ಎಂಟು ಮೂಲೆಯ ನಕ್ಷತ್ರದ ಆಕಾರದ್ದು. ಸ್ಕೂಲಿನ ಪಿಕ್‌ನಿಕ್ಕಿಗೆ ವರ್ಷಾ ವರ್ಷಾ ಅಲ್ಲಿಗೇ. ಒಳಗೆ ನೆಲಮಟ್ಟಕ್ಕಿಂತ ಕೆಳಗೆ ತಣ್ಣನೆ ಮದ್ದಿನ ಮನೆಗಳಿವೆ. ಕೋವಿಮದ್ದು ಅಂದರೆ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು, ಗಂಧಕ. ಅದೇ ಪೆಟ್ಲುಪ್ಪನ್ನು ಒಂದು ಚಿಟಿಕೆ ಮಾಂಸಕ್ಕೆ ಹಾಕಿದರೆ ಮಾಂಸ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕೆಡುವುದಿಲ್ಲ. ಫಿರಂಗಿಗೆ ಹಾಕುವುದನ್ನೇ ಬಾಣಲೆಗೂ ಹಾಕಿದ್ದರು ಯುರೋಪಿನವರು!

ಯಾಕೆ ಹೀಗೆ ಅನ್ನುವುದು ತಿಳಿದದ್ದು 19ನೇ ಶತಮಾನದ ಕೊನೆಗೆ. ಪೆಟ್ಲುಪ್ಪು ಅಂದರೆ ನೈಟ್ರೇಟ್. ಮಾಂಸದಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ ಅಂತ ಪೊಲೆನ್ಸ್ಕೆ 1891ರಲ್ಲಿ ತೋರಿಸಿದ. ನೈಟ್ರೈಟು ಮಾಂಸದ ಕೆಂಪು ಬಣ್ಣದ ಜತೆ ಸೇರಿ ಗುಲಾಬಿಯಾಗುವುದನ್ನು 1901ರಲ್ಲಿ ಹಾಲ್ಡೇನ್ ವಿವರಿಸಿದ. ಹಾಗಾದರೆ ನೇರವಾಗಿ ನೈಟ್ರೈಟನ್ನೇ ಹಾಕಿದರಾಯಿತಲ್ಲ? ಅಮೆರಿಕ 1925ರಲ್ಲಿ ಒಪ್ಪಿಗೆ ಕೊಟ್ಟಿತು. ನನ್ನ ಪ್ಯಾಕೆಟ್ಟಿನ 250ರ ವಂಶಾವಳಿ ಇದು. ಅದು ಬಾಟುಲಿಸಂ ಅನ್ನು ತಡೆಯಿತು, ಅನುಮಾನವೇ ಇಲ್ಲ. ಆದರೆ 1970ರ ದಶಕದಲ್ಲಿ ಇನ್ನೊಂದು ಮುಖ ಕಾಣಿಸಿತು. ನೈಟ್ರೈಟು ಮಾಂಸದ ಅಮೈನ್‌ಗಳ ಜತೆ ಸೇರಿ, ಅದರಲ್ಲೂ ಹೆಚ್ಚು ಉರಿಯಲ್ಲಿ ಹುರಿದಾಗ, ನೈಟ್ರೊಸಮೈನ್ ಆಗುತ್ತದೆ. ಅದರಲ್ಲಿ ಹಲವು ಕ್ಯಾನ್ಸರ್‌ಕಾರಕ. ಸಿ ವಿಟಮಿನ್ ಸೇರಿಸಿದರೆ ಅದು ಕಮ್ಮಿಯಾಗುತ್ತದೆ ಅಂತ ತಿಳಿದು ಕಂಪನಿಗಳು ಅದನ್ನೂ ಸೇರಿಸತೊಡಗಿದವು.

2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತೀರ್ಮಾನ ಹೇಳಿತು. 10 ದೇಶಗಳ 22 ತಜ್ಞರು ಕೂತು ಸಂಸ್ಕರಿಸಿದ ಮಾಂಸವನ್ನು ಮೊದಲನೇ ಗುಂಪಿಗೆ ಹಾಕಿದರು. ನಾನು ಅಜ್ಜಿಗೆ ಓದಿದ್ದು ಇದನ್ನೇ. ಆದರೆ ಅರ್ಧ ಓದಿದ್ದೆ! ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಬೀಡಿಯೂ ಒಣಬಾಡೂ ಒಂದೇ ಗುಂಪಿನಲ್ಲಿದ್ದರೆ ಎರಡೂ ಸಮಾನ ಅಂತಲ್ಲ. ಅಪಾಯದ ಅಂದಾಜು ಬೇರೆ ಕೊಟ್ಟಿದ್ದಾರೆ: ದಿನಕ್ಕೆ 50 ಗ್ರಾಂ, ಪ್ರತಿದಿನ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು ಶೇಕಡಾ 18ರಷ್ಟು ಹೆಚ್ಚುತ್ತದೆ. ಅಲ್ಲಿ 'ಪ್ರತಿದಿನ' ಅನ್ನೋ ಪದವನ್ನು ನಾನು ಅವತ್ತು ನುಂಗಿಬಿಟ್ಟಿದ್ದೆ.

ಸರಿ, ಲೆಕ್ಕ ಹಾಕೋಣ. ದಿನಕ್ಕೆ 50 ಗ್ರಾಂ ಅಂದರೆ ವರ್ಷಕ್ಕೆ 18 ಕೇಜಿ. ಅಜ್ಜಿಯ ಮನೆಯಲ್ಲಿ ಒಣಬಾಡು ಇಳಿಯುವುದು ಮಳೆಗಾಲದ ಮೂರು ತಿಂಗಳು, ವಾರಕ್ಕೆ ಎರಡು ಸಲ, ಒಬ್ಬರ ತಟ್ಟೆಗೆ 25 ಗ್ರಾಂ ಬಿದ್ದರೆ ಹೆಚ್ಚು. 12 ವಾರ, 24 ಊಟ, 600 ಗ್ರಾಂ. ಅಷ್ಟೇ. ಹದಿನೆಂಟು ಕೇಜಿಯ ಮುಂದೆ ಆರುನೂರು ಗ್ರಾಂ, ಮೂವತ್ತರಲ್ಲಿ ಒಂದು ಪಾಲು. ಆ ಹದಿನೆಂಟು ಕೇಜಿಯ ದಾರಿಯಲ್ಲಿ ನಡೆಯುತ್ತಿದ್ದವನು ನಾನು, ಜಿಮ್ ಬ್ಯಾಗು ಹೆಗಲಿಗೆ ಹಾಕಿಕೊಂಡು.

ಈಗ ಆ ಬಿಟ್ಟುಹೋದ ಕಾಲಂ ಯಾವುದು ಅಂತ ಹೇಳುತ್ತೇನೆ. ತಿಂಗಳು. ಪೌಷ್ಟಿಕಾಂಶದ ಪಟ್ಟಿಯಲ್ಲಿ ಗ್ರಾಂ ಇದೆ, ಕ್ಯಾಲೊರಿ ಇದೆ, ಯಾವ ತಿಂಗಳಲ್ಲಿ, ಬೇರೆ ಏನು ಸಿಗದಿದ್ದಾಗ, ಯಾರು ತಿಂದರು ಅನ್ನುವುದಿಲ್ಲ.

ಅಜ್ಜಿ ಮದುವೆಯಾಗಿ ಬಂದ ಕಾಲದ ಜುಲೈ ತಿಂಗಳನ್ನು ಊಹಿಸಿಕೊಳ್ಳಿ. ನಾಟಿಯ ಕಾಲ. ಮೊಣಕಾಲುದ್ದ ಕೆಸರಿನಲ್ಲಿ, ಗೊರಬು ಹೊದ್ದು ಬೆಳಗಿನಿಂದ ಸಂಜೆವರೆಗೆ ಬಗ್ಗಿದ ಬೆನ್ನು. ಹೊಳೆ ತುಂಬಿ ಸಂತೆಗೆ ದಾರಿಯಿಲ್ಲ. ಊಟ ಅಂದರೆ ಗಂಜಿ, ಕಡುಬು, ಅಕ್ಕಿ ರೊಟ್ಟಿ. ಜತೆಗೆ ಕೆಸು, ಕಳಲೆ, ಸಿಕ್ಕರೆ ಗದ್ದೆಯ ಏಡಿ. ವರ್ಷದ ಅತಿ ಕಷ್ಟದ ಕೆಲಸ ಬೀಳುವುದು ಅತಿ ಕಮ್ಮಿ ಪ್ರೋಟೀನು ಸಿಗುವ ತಿಂಗಳಲ್ಲಿ. ಅದರ ಮೇಲೆ ಮಲೆನಾಡಿನ ರೋಗಗಳು. ಮಲೇರಿಯಾ ಇಲ್ಲಿ ಎಷ್ಟು ವಿಪರೀತ ಇತ್ತೆಂದರೆ 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಅದರ ಅಧ್ಯಯನಕ್ಕೆಂದು ತೆರೆದ ಕೇಂದ್ರಗಳಲ್ಲಿ ಒಂದು ನಮ್ಮ ಪಕ್ಕದ ಮೂಡಿಗೆರೆಯಲ್ಲಿತ್ತು. ಬರಿಗಾಲಲ್ಲಿ ಒದ್ದೆ ಮಣ್ಣು ತುಳಿಯುವವರಿಗೆ ಕೊಕ್ಕೆಹುಳು. ಎರಡೂ ರಕ್ತ ಕಮ್ಮಿ ಮಾಡುವ ರೋಗಗಳೇ.

ಅಂಥ ಮೈಗೆ ವಾರಕ್ಕೆರಡು ಸಲ ನಾಲ್ಕು ತುಂಡು ಒಣಬಾಡು ಏನು ಕೊಡುತ್ತಿತ್ತು ನೋಡಿ. ಮಾಂಸದ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಬಿ12 ಗಿಡಮೂಲದಿಂದ ಸಿಗುವುದೇ ಇಲ್ಲ. ಬಿ1 ವಿಟಮಿನ್‌ನಲ್ಲಿ ಹಂದಿ ಉಳಿದ ಮಾಂಸಗಳಿಗಿಂತ ಬಹಳ ಮುಂದೆ. ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಅಕ್ಕಿಯೊಂದನ್ನೇ ಉಣ್ಣುವವರಿಗೆ ಕೊರತೆಯಾಗುವುದು ಅದೇ ಬಿ1. ಒಣಗಿಸುವಾಗ, ಬೇಯಿಸುವಾಗ ಅದರಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಆದರೂ ಉಳಿಯುತ್ತದೆ. ಉಪ್ಪು ಕೂಡ ದಿನವಿಡೀ ಬೆವರುವ ಮೈಗೆ ಬೇರೆಯೇ ಲೆಕ್ಕ. 25 ಗ್ರಾಮಿನಲ್ಲಿ 12 ಗ್ರಾಂ ಪ್ರೋಟೀನು ಎನ್ನುವುದು ನನ್ನ ಜಿಮ್ಮಿನ ಲೆಕ್ಕದಲ್ಲಿ ಏನೂ ಅಲ್ಲ. ಆ ಜುಲೈಯಲ್ಲಿ ಅದು ಬಹಳ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಮಾಂಸ ಕಾಪಾಡಿದ ಅದೇ ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ಅಂಶಗಳೂ ಇವೆ. ಅದು ಮಾಂಸದ ಮೇಲೆ ಮಾತ್ರ ಕೂರಲಿಲ್ಲ, ಅಜ್ಜಿಯ ಎದೆಯಲ್ಲೂ ಕೂತಿದೆ. ರಾತ್ರಿ ಅವರು ಕೆಮ್ಮುವುದನ್ನು ಕೇಳಿದವರು ಸೌದೆ ಒಲೆಯ ಬಗ್ಗೆ ಕವನ ಬರೆಯುವುದಿಲ್ಲ. ಗ್ಯಾಸು ಬಂದದ್ದು ಒಳ್ಳೆಯದೇ. ಈಗ ಒಲೆ ಉರಿಯುವುದು ಸ್ನಾನದ ನೀರಿಗೆ ಮತ್ತೆ ಈ ಅಟ್ಟಕ್ಕೆ. ಇನ್ನೊಂದು ಮಾತು, ಒಣಬಾಡು ಹಸಿ ಮಾಂಸವೇ. ಹಂದಿಯಲ್ಲಿರಬಹುದಾದ ಲಾಡಿಹುಳುವಿನ ಮರಿ ಹೊಗೆಗೆ ಸಾಯುತ್ತದೆ ಅಂತ ನಂಬುವ ಹಾಗಿಲ್ಲ, ಚೆನ್ನಾಗಿ ಬೇಯಿಸಲೇಬೇಕು.

ಮನೆಗೆ ಫ್ರಿಜ್ಜೂ ಬಂದಿದೆ. ಆದರೆ 2018ರ ಆಗಸ್ಟ್ ನೆನಪಿದೆಯಾ? ಗುಡ್ಡ ಕುಸಿದು ಶಿರಾಡಿ ರಸ್ತೆ ಬಂದ್, ಸುಬ್ರಹ್ಮಣ್ಯದ ರೈಲು ಹಳಿ ಬಂದ್. ನಮ್ಮನೆಯಲ್ಲಿ ದಿನಗಟ್ಟಲೆ ಕರೆಂಟಿಲ್ಲ. ಫ್ರಿಜ್ಜಿನಲ್ಲಿದ್ದ ಕೋಳಿ ನಾರಿ ತಿಪ್ಪೆಗೆ ಹೋಯಿತು. ಅವತ್ತು ಮನೆಯವರೆಲ್ಲ ಉಂಡದ್ದು ಅಟ್ಟದ ಸರಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಟ್ಟ ಅನ್ನೋದು ಬ್ಯಾಕಪ್ ಸರ್ವರ್. ಬ್ಯಾಕಪ್ ಅನ್ನು ಯಾರೂ ದಿನಾ ಓಡಿಸುವುದಿಲ್ಲ, ಬೇಕಾದಾಗ ಇರಬೇಕು. ನಾನು ಮಾಡಿದ ತಪ್ಪು ಅದೇ. ಕಷ್ಟಕಾಲಕ್ಕೆಂದು ಹುಟ್ಟಿದ ಪದಾರ್ಥವನ್ನು ದಿನದ ತಿಂಡಿ ಮಾಡಿಕೊಂಡೆ, ಆಮೇಲೆ ಆ ಪದಾರ್ಥವನ್ನೇ ಬೈದೆ.

ಈ ಸಲ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜಿಗೆ ಹೇಳಬೇಕು ಅಂತ ತಯಾರಾಗಿ ಹೋಗಿದ್ದೆ. ಸೋಮೇಶ್ವರ, ಕೆರ್ನರ್, ಮಂಜರಾಬಾದ್ ಎಲ್ಲ. ಹೋಗುವ ಹೊತ್ತಿಗೆ ಅಜ್ಜಿ ಒಣಬಾಡು ಪಾತ್ರೆಯಲ್ಲಿ ನೆನೆಹಾಕಿದ್ದರು. ರಾತ್ರಿಯ ನೀರು ಬೆಳಿಗ್ಗೆ ಚೆಲ್ಲಿದರು. ಹೊಸ ನೀರು ಹಾಕಿ ಒಂದು ಕುದಿ ಬರಿಸಿ ಅದನ್ನೂ ಚೆಲ್ಲಿದರು. ಆಮೇಲೆ ಒನಕೆಯಿಂದ ಜಜ್ಜಿ, ಈರುಳ್ಳಿ, ಮೆಣಸು ಹಾಕಿ ಹುರಿದರು. ಬೇರೆ ಉಪ್ಪು ಹಾಕಲಿಲ್ಲ.

"ನೀರು ಯಾಕೆ ಚೆಲ್ಲಿದ್ರಿ?"

"ಉಪ್ಪು ಹೋಗ್ಲಿ ಅಂತ. ಇಡೋಕೆ ಬೇಕಾದ ಉಪ್ಪು ಬೇರೆ, ತಿನ್ನೋಕೆ ಬೇಕಾದ ಉಪ್ಪು ಬೇರೆ ಅಲ್ವೇನೋ? ನಮ್ಮತ್ತೆ ಕಾಲದಿಂದ ಹಿಂಗೇ."

ಇಷ್ಟು ವರ್ಷ ಅದೇ ಅಡುಗೆಮನೆಯಲ್ಲಿ ಬೆಳೆದವನು ನಾನು. ಆ ನೀರು ಚೆಲ್ಲುವುದನ್ನು ನೋಡಿಯೇ ಇರಲಿಲ್ಲ. ನನ್ನ 'ನೂರಕ್ಕೆ ಹತ್ತು ಗ್ರಾಂ ಉಪ್ಪು' ಎನ್ನುವ ಲೆಕ್ಕ ಅಟ್ಟದ ಮಾಂಸದ್ದು, ತಟ್ಟೆಯ ಮಾಂಸದ್ದಲ್ಲ. ನೀರಿನ ಜತೆ ಬಿ1 ಕೂಡ ಸ್ವಲ್ಪ ಹೋಗುತ್ತದೆ, ನಿಜ. ಆದರೂ ಉಪ್ಪಿನ ಬಗ್ಗೆ ಅಜ್ಜಿಗೆ ಪಾಠ ಹೇಳಲು ಹೋಗಿದ್ದೆನಲ್ಲ ಅಂತ ನಾಚಿಕೆಯಾಯಿತು. ಸೋಮೇಶ್ವರನ ಕತೆ ಹೇಳಲಿಲ್ಲ. ಕ್ಷಮೆಯನ್ನೂ ಸರಿಯಾಗಿ ಕೇಳಲು ಬರಲಿಲ್ಲ. "ನಾನೀಗ ಆ ಡಬ್ಬಿದು ತಿನ್ನೋದು ಬಿಟ್ಟೆ ಅಜ್ಜಿ" ಅಂದೆ. ಅಜ್ಜಿ ಹ್ಞೂಂ ಅಂದರು.

ಊಟಕ್ಕೆ ಕೂತಾಗ ನೋಡಿದೆ. ನನ್ನ ತಟ್ಟೆಗೆ ಐದು ತುಂಡು ಬಿತ್ತು. ಅಪ್ಪನ ತಟ್ಟೆಗೆ ಎರಡೇ. ಅಪ್ಪ ಮುಖ ನೋಡಿದರು. ಅಜ್ಜಿ ಮುಚ್ಚಳ ಮುಚ್ಚಿ ಪಾತ್ರೆಯನ್ನು ತಮ್ಮ ಹಿಂದಕ್ಕೆ ಸರಿಸಿಕೊಂಡರು. ಡಾಕ್ಟರು ಹೇಳಿದ್ದು ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಹೊರಗೆ ಪುಷ್ಯ ಮಳೆ ಹೊಯ್ಯುತ್ತಿತ್ತು.

ನಿಮ್ಮ ಮನೆಗಳಲ್ಲೂ ಮಳೆಗಾಲಕ್ಕೆಂದು ಏನಾದರೂ ಎತ್ತಿಡುವ ಪದ್ಧತಿ ಇದ್ದೇ ಇರುತ್ತದೆ. ಸಂಡಿಗೆಯೋ, ಒಣಮೀನೋ, ಉಪ್ಪಿನಲ್ಲಿಟ್ಟ ಹಲಸಿನ ತೊಳೆಯೋ. ಮಾಡುವ ಕೈಗಳು ಇನ್ನೂ ಇರುವಾಗಲೇ ಪಕ್ಕದಲ್ಲಿ ಕೂತು ನೋಡಿ, ಬರೆಯಿರಿ. ಮುಖ್ಯವಾಗಿ ಯಾವ ನೀರು ಚೆಲ್ಲುತ್ತಾರೆ ಅಂತ ನೋಡಿ :-)